ಒಂದೇ ಗೂಡಿನ ಕೋಳಿಗಳಲ್ಲಿ ಕೆಲವಕ್ಕೆ ಮಾತ್ರ ಮಾರೆಕ್ಸ್ ರೋಗ ಬರುವುದೇಕೆ? ರೋಗನಿರೋಧಕ ಕೋಶಗಳ ಮೇಲೆ ಜೀನ್‌ಗಳ ಹಿಡಿತ ಎಂಥದ್ದು?

ಪ್ರಶ್ನೆ
ಹಿತ್ತಲಕೋಳಿ, ತಿಪಟೂರು

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆಯ ಹಿಂದಿನ ತೆಂಗಿನ ತೋಟದಲ್ಲಿ ಏಳೆಂಟು ವರ್ಷಗಳಿಂದ ಕೋಳಿಗಳನ್ನೂ ಸಾಕುತ್ತಿದ್ದೇನೆ. ಕಳೆದ ಆಷಾಢದಲ್ಲಿ ಹ್ಯಾಚರಿಯೊಂದರಿಂದ ಅರವತ್ತು ಮರಿಗಳನ್ನು ತಂದೆ. ಅದೇ ವಾರ ನಮ್ಮ ಹೇಂಟೆಗಳ ಕಾವಿನಲ್ಲಿ ನಲವತ್ತು ಮರಿಗಳಾದವು. ಎರಡೂ ಗುಂಪುಗಳು ಒಂದೇ ಶೆಡ್ಡಿನಲ್ಲಿ, ಒಂದೇ ಫೀಡ್ ತಿಂದು, ಒಂದೇ ತೊಟ್ಟಿಯ ನೀರು ಕುಡಿದು ಬೆಳೆದವು.

ಮರಿಗಳಿಗೆ ಎರಡೂವರೆ ತಿಂಗಳು ತುಂಬುವ ಹೊತ್ತಿಗೆ, ಒಂದು ಬೆಳಿಗ್ಗೆ ಶೆಡ್ ತೆರೆದಾಗ, ಮೈತುಂಬಿಕೊಂಡಿದ್ದ ಹೇಂಟೆಮರಿಯೊಂದು ಒಂದು ಕಾಲನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಚಾಚಿ ಬಿದ್ದಿತ್ತು. ಕಣ್ಣು ಚುರುಕಾಗಿತ್ತು, ಕೊಕ್ಕಿನ ಹತ್ತಿರ ಕಾಳು ಹಿಡಿದರೆ ಹೆಕ್ಕುತ್ತಿತ್ತು. ಆದರೆ ಏಳಲು ಆಗುತ್ತಿರಲಿಲ್ಲ. ಮುಂದಿನ ಐದಾರು ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಕೋಳಿಗಳು ಹೀಗೆಯೇ ಬಿದ್ದು, ಸೊರಗಿ ಸತ್ತವು. ಸತ್ತ ಒಂದನ್ನು ಪಶು ಆಸ್ಪತ್ರೆಗೆ ಒಯ್ದಾಗ ವೈದ್ಯರು ಎರಡೂ ತೊಡೆಗಳನ್ನು ಬಿಡಿಸಿ ನರಗಳನ್ನು ತೋರಿಸಿದರು. ಒಂದು ಬದಿಯ ನರ ತೆಳುವಾಗಿ, ಬೆಳ್ಳಗೆ, ಸಣ್ಣ ಸಣ್ಣ ಅಡ್ಡಗೆರೆಗಳಿಂದ ಹೊಳೆಯುತ್ತಿತ್ತು. ಇನ್ನೊಂದು ಬದಿಯದು ಅದರ ಎರಡರಷ್ಟು ದಪ್ಪವಾಗಿ ಊದಿಕೊಂಡು, ಬೂದು ಬಣ್ಣಕ್ಕೆ ತಿರುಗಿ, ಅಡ್ಡಗೆರೆಗಳೆಲ್ಲ ಅಳಿಸಿಹೋಗಿದ್ದವು. ಇದು ಮಾರೆಕ್ಸ್ ರೋಗ ಎಂದರು. ಹ್ಯಾಚರಿಯವರನ್ನು ವಿಚಾರಿಸಿದಾಗ ಮೊದಲ ದಿನ ಹಾಕಬೇಕಾದ ಲಸಿಕೆಯನ್ನು ಆ ತಂಡಕ್ಕೆ ಹಾಕಿರಲಿಲ್ಲವೆಂದು ತಿಳಿಯಿತು. ನನ್ನ ಮನೆಯ ಮರಿಗಳಿಗೂ ಹಾಕಿರಲಿಲ್ಲ. ಆ ತಪ್ಪು ನನ್ನದೇ.

ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು. ಸತ್ತವುಗಳಲ್ಲಿ ಎರಡೂ ಗುಂಪಿನವು ಇದ್ದವು. ಒಂದೇ ಹೇಂಟೆಯ ಕಾವಿನಲ್ಲಿ ಹುಟ್ಟಿದ ಒಡಹುಟ್ಟುಗಳಲ್ಲಿ ಎರಡು ಸತ್ತು, ಏಳು ಇಂದಿಗೂ ಮೊಟ್ಟೆ ಇಡುತ್ತಿವೆ. ಗಾಳಿ, ನೀರು, ಮೇವು ಒಂದೇ ಆಗಿರುವಾಗ ವ್ಯತ್ಯಾಸ ಜೀನ್‌ಗಳಲ್ಲಿ ಇರಬೇಕು ಎಂದು ಊಹಿಸುತ್ತೇನೆ. ಆದರೆ ಮೈಯ ಪ್ರತಿಯೊಂದು ಕೋಶದಲ್ಲೂ ಅದೇ ಜೀನ್‌ಗಳಿರುತ್ತವೆ ಎಂದು ಮಕ್ಕಳಿಗೆ ಪಾಠ ಹೇಳುವ ನನಗೆ, ಒಂದು ಜೀನ್ ಒಂದು ಬಿಳಿ ರಕ್ತಕಣವನ್ನು ಹೇಗೆ ಎಚ್ಚರಿಸುತ್ತದೆ ಅಥವಾ ಸುಮ್ಮನಿರಿಸುತ್ತದೆ ಎಂಬುದು ಸ್ಪಷ್ಟವಾಗಿಲ್ಲ. ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ 1
ಪಶುವೈದ್ಯ, ಹಾಸನ

ಮೇಷ್ಟ್ರೇ, ನಿಮ್ಮ ವಿವರಣೆ ಓದಿದರೆ ರೋಗದ ಬಗ್ಗೆ ಅನುಮಾನ ಉಳಿಯುವುದಿಲ್ಲ. ಬುಡಾಪೆಸ್ಟಿನ ಪಶುವೈದ್ಯ ಯೋಜೆಫ್ ಮಾರೆಕ್ 1907ರಲ್ಲಿ ಕಾಲು ಸೋತ ಕೆಲವು ಹುಂಜಗಳನ್ನು ನೋಡಿ ಬರೆದದ್ದೂ ಇದನ್ನೇ. ಅದು ಹರ್ಪಿಸ್ ಜಾತಿಯ ವೈರಾಣುವಿನಿಂದ ಬರುತ್ತದೆ ಎಂಬುದು ಇಂಗ್ಲೆಂಡಿನ ಚರ್ಚಿಲ್ ಮತ್ತು ಬಿಗ್ಸ್ ಅವರ ಕೆಲಸದಿಂದ 1967ರಲ್ಲಿ ತಿಳಿಯಿತು. ಅಂದರೆ ರೋಗ ಕಂಡು ಅರವತ್ತು ವರ್ಷಗಳ ಮೇಲೆ.

ಜೀನ್‌ಗಳ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ. ಅದಕ್ಕೆ ಮೊದಲು ವೈರಾಣು ಮೈಯೊಳಗೆ ಸಾಗುವ ದಾರಿ ತಿಳಿದಿದ್ದರೆ ಮುಂದಿನದು ಸುಲಭವಾಗುತ್ತದೆ. ಸೋಂಕಿತ ಕೋಳಿಯ ಗರಿಬುಡದ ಚರ್ಮದಲ್ಲಿ ಈ ವೈರಾಣು ಪೂರ್ಣವಾಗಿ ತಯಾರಾಗಿ ಹೊಟ್ಟಿನ ಜೊತೆ ಉದುರುತ್ತದೆ. ಶೆಡ್ಡಿನ ಜಂತಿಯ ಮೇಲೆ ಕೂತ ಆ ಧೂಳು ತಿಂಗಳುಗಟ್ಟಲೆ ಸೋಂಕು ಹರಡಬಲ್ಲದು. ಮರಿ ಅದನ್ನು ಉಸಿರಾಡಿದಾಗ ಶ್ವಾಸಕೋಶದ ಭಕ್ಷಕ ಕೋಶಗಳು ಅದನ್ನು ಹೊತ್ತು ಗುಲ್ಮ, ಥೈಮಸ್, ಬರ್ಸಾ ಎಂಬ ರೋಗನಿರೋಧಕ ಅಂಗಗಳಿಗೆ ಒಯ್ಯುತ್ತವೆ. ಮೊದಲ ವಾರ ಅದು ಮುಖ್ಯವಾಗಿ ಪ್ರತಿಕಾಯ (ರೋಗಾಣುವಿಗೆ ಅಂಟಿಕೊಳ್ಳುವ ಪ್ರೋಟೀನು) ತಯಾರಿಸುವ ಬಿ ಕೋಶಗಳನ್ನು ಕೊಲ್ಲುತ್ತದೆ. ಆ ಹಾನಿಗೆ ಪ್ರತಿಕ್ರಿಯಿಸಲು ಓಡಿಬಂದು ಎಚ್ಚೆತ್ತ ಟಿ ಕೋಶಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳನ್ನು ಹಿಡಿದು, ಎರಡನೆಯ ವಾರದಿಂದ ಅವುಗಳೊಳಗೆ ಸದ್ದಿಲ್ಲದೆ ಅಡಗಿ ಕೂರುತ್ತದೆ. ಅಲ್ಲಿ ಮೆಕ್ ಎಂಬ ವೈರಾಣುವಿನ ಜೀನ್ ಕೆಲಸ ಆರಂಭಿಸಿದರೆ ಆ ಟಿ ಕೋಶ ಲಂಗುಲಗಾಮಿಲ್ಲದೆ ಹೆಚ್ಚುತ್ತದೆ. ನೀವು ನೋಡಿದ ಊದಿದ ನರದೊಳಗೆ ತುಂಬಿದ್ದದ್ದು ಕೋಳಿಯದೇ ರೋಗನಿರೋಧಕ ಕೋಶಗಳು.

ಆದ್ದರಿಂದ ಈ ರೋಗದಲ್ಲಿ ಕಾವಲುಗಾರ ಕೋಶಗಳು ಎಷ್ಟು ಬೇಗ ಏಳುತ್ತವೆ, ಎಷ್ಟು ಸಂಖ್ಯೆಯಲ್ಲಿ ಏಳುತ್ತವೆ, ವೈರಾಣು ಹೊಕ್ಕ ಕೋಶವನ್ನು ಗುರುತಿಸುತ್ತವೆಯೇ ಎಂಬುದೇ ಉಳಿವನ್ನು ನಿರ್ಧರಿಸುತ್ತದೆ. ಜೀನ್‌ಗಳು ಕೈಹಾಕುವುದು ಅಲ್ಲಿಯೇ.

ಉತ್ತರ 2
ಸಂಶೋಧನಾ ವಿದ್ಯಾರ್ಥಿನಿ, ಬೆಂಗಳೂರು

ಸರ್, ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ಒಂದೇ ಕೋಳಿಯ ಎಲ್ಲ ಕೋಶಗಳಲ್ಲಿ ಒಂದೇ ಜೀನ್‌ಗಳಿದ್ದರೂ ಬಿ ಕೋಶ ಮತ್ತು ಟಿ ಕೋಶಗಳ ನಡವಳಿಕೆ ಬೇರೆಯಾಗುವುದು ಹೇಗೆ ಎಂಬುದು ಮೊದಲನೆಯದು. ಎರಡು ಕೋಳಿಗಳ ಒಂದೇ ಬಗೆಯ ಕೋಶಗಳು ಬೇರೆ ಬೇರೆಯಾಗಿ ವರ್ತಿಸುವುದು ಏಕೆ ಎಂಬುದು ಎರಡನೆಯದು. ಮೊದಲನೆಯದನ್ನು ಚಿಕ್ಕದಾಗಿ ಹೇಳಿ ಎರಡನೆಯದರಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಕೋಳಿಯ ವಿಶೇಷ ಇರುವುದು ಅಲ್ಲಿ.

ಪ್ರತಿ ಕೋಶದಲ್ಲೂ ಬಹುಪಾಲು ಜೀನ್‌ಗಳು ಸುತ್ತಿ ಮುಚ್ಚಿಟ್ಟ ಸ್ಥಿತಿಯಲ್ಲಿರುತ್ತವೆ. ಯಾವುದು ಬಿಚ್ಚಿಕೊಳ್ಳಬೇಕು ಎಂಬುದನ್ನು ನಿಯಂತ್ರಕ ಪ್ರೋಟೀನುಗಳು ನಿರ್ಧರಿಸುತ್ತವೆ. ಅವು ಡಿಎನ್‌ಎಯ ಗೊತ್ತಾದ ಜಾಗಗಳಿಗೆ ಅಂಟಿಕೊಂಡು ಪಕ್ಕದ ಜೀನನ್ನು ಓದಿಸುತ್ತವೆ ಅಥವಾ ತಡೆಯುತ್ತವೆ. ಬಿ ಕೋಶವನ್ನು ಬಿ ಕೋಶವಾಗಿ ಉಳಿಸುವ ಪ್ಯಾಕ್ಸ್-5 ಅಂಥದ್ದೊಂದು ಪ್ರೋಟೀನು. ಕೋಳಿಯ ಬಿ ಕೋಶಗಳಲ್ಲಿ ಅದನ್ನು ತೆಗೆದುಹಾಕಿದರೆ ಅವು ಪ್ರತಿಕಾಯ ಸುರಿಸುವ ಕೋಶಗಳ ಕಡೆಗೆ ವಾಲುತ್ತವೆ. ಇನ್ನು ಕೆಲವು ನಿಯಂತ್ರಕಗಳು ಕೋಶದ್ರವದಲ್ಲಿ ಕಟ್ಟಿಹಾಕಲ್ಪಟ್ಟು ಕಾಯುತ್ತಿರುತ್ತವೆ. ವೈರಾಣುವಿನ ಆರ್‌ಎನ್‌ಎ ಅಥವಾ ಬ್ಯಾಕ್ಟೀರಿಯಾದ ಗೋಡೆಯ ಚೂರು ಕೋಶದ ಗ್ರಾಹಕಕ್ಕೆ ತಗಲಿದ ಕೂಡಲೇ ಎನ್‌ಎಫ್-ಕಪ್ಪಾ-ಬಿ ಮತ್ತು ಐಆರ್‌ಎಫ್-7 ಎಂಬ ನಿಯಂತ್ರಕಗಳ ಕಟ್ಟು ಬಿಚ್ಚಿ, ಅವು ಕೋಶಕೇಂದ್ರದೊಳಕ್ಕೆ ಸರಿದು ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನಿನ ಜೀನ್‌ಗಳನ್ನು ಎಬ್ಬಿಸುತ್ತವೆ. ಆ ಇಂಟರ್‌ಫೆರಾನ್ ಹೊರಬಂದು ನೆರೆಯ ಕೋಶಗಳನ್ನು ಮುಟ್ಟಿದಾಗ ಅಲ್ಲಿ ನೂರಾರು ಜೀನ್‌ಗಳು ಏಳುತ್ತವೆ. ಮನುಷ್ಯರಲ್ಲಿ ಈ ಕೆಲಸಕ್ಕೆ ಐಆರ್‌ಎಫ್-3 ಕೂಡ ಇದೆ. ಕೋಳಿಯಲ್ಲಿ ಅದು ಇಲ್ಲ, ಅದರ ಹೊರೆಯನ್ನೂ ಐಆರ್‌ಎಫ್-7 ಹೊರುತ್ತದೆ.

ಇನ್ನು ನಿಮ್ಮ ಒಡಹುಟ್ಟು ಮರಿಗಳ ವಿಷಯ. ಕೋಳಿಯ 16ನೆಯ ವರ್ಣತಂತು ಬಹಳ ಚಿಕ್ಕದು. ಅದರ ಮೇಲೆ ಬಿ ಸಂಕೀರ್ಣ ಎಂಬ ಜೀನ್‌ಗಳ ಗುಂಪಿದೆ. 1950ರಲ್ಲಿ ಬ್ರೈಲ್ಸ್ ಮತ್ತು ಸಂಗಡಿಗರು ಇದನ್ನು ಕೋಳಿಯ ಒಂದು ರಕ್ತಗುಂಪು ಎಂದೇ ಗುರುತಿಸಿದರು. ಒಂದು ಕೋಳಿಯ ಚರ್ಮವನ್ನು ಇನ್ನೊಂದಕ್ಕೆ ಕಸಿ ಮಾಡಿದಾಗ ಅದು ಹಿಡಿಯುತ್ತದೆಯೋ ಉದುರುತ್ತದೆಯೋ ಎಂಬುದನ್ನೂ ಇದೇ ಗುಂಪು ನಿರ್ಧರಿಸುತ್ತದೆ ಎಂಬುದು 1961ರಲ್ಲಿ ಷೀರ್ಮನ್ ಮತ್ತು ನಾರ್ಡ್‌ಸ್ಕಾಗ್ ಅವರ ಪ್ರಯೋಗದಿಂದ ತಿಳಿಯಿತು. ಮನುಷ್ಯರಲ್ಲಿ ಇದಕ್ಕೆ ಸಮನಾದ ಪ್ರದೇಶ ಸುಮಾರು 40 ಲಕ್ಷ ಡಿಎನ್‌ಎ ಅಕ್ಷರಗಳಷ್ಟು ಉದ್ದ. ಅದರಲ್ಲಿ 200ಕ್ಕೂ ಹೆಚ್ಚು ಜೀನ್‌ಗಳಿವೆ. ಜಿಮ್ ಕಾಫ್‌ಮನ್ ಅವರ ತಂಡ 1999ರಲ್ಲಿ ಕೋಳಿಯ ಬಿ ಸಂಕೀರ್ಣದ ಮುಖ್ಯ ಭಾಗವನ್ನು ಪೂರ್ತಿ ಓದಿದಾಗ ಸಿಕ್ಕಿದ್ದು 92 ಸಾವಿರ ಅಕ್ಷರಗಳು, 19 ಜೀನ್‌ಗಳು. ಇಷ್ಟು ಬಿಗಿಯಾಗಿ ಜೋಡಿಸಿಟ್ಟಿರುವುದರಿಂದ ಆ ಜೀನ್‌ಗಳು ಒಂದರಿಂದ ಒಂದು ಬೇರ್ಪಡದೆ ಕಟ್ಟಿನಂತೆಯೇ ತಾಯಿತಂದೆಯಿಂದ ಮರಿಗೆ ದಾಟುತ್ತವೆ. ನಿಮ್ಮ ಹೇಂಟೆಯಲ್ಲಿ ಎರಡು ಬಗೆಯ ಕಟ್ಟುಗಳಿದ್ದರೆ ಮರಿಗಳಲ್ಲಿ ಸುಮಾರು ಅರ್ಧಕ್ಕೆ ಒಂದು, ಉಳಿದರ್ಧಕ್ಕೆ ಇನ್ನೊಂದು. ಹುಂಜದ ಕಡೆಯಿಂದಲೂ ಹಾಗೆಯೇ. ಒಂದೇ ಕಾವಿನ ಮರಿಗಳು ಈ ವಿಷಯದಲ್ಲಿ ನಾಲ್ಕು ಬಗೆಯವಾಗಿರಲು ಸಾಧ್ಯ.

ಈ ಕಟ್ಟಿನಲ್ಲಿ ಬಿಎಫ್-2 ಎಂಬ ಜೀನ್ ನಮ್ಮ ಚರ್ಚೆಗೆ ಬಹಳ ಮುಖ್ಯ. ಪ್ರತಿ ಕೋಶವೂ ತನ್ನೊಳಗೆ ತಯಾರಾಗುತ್ತಿರುವ ಪ್ರೋಟೀನುಗಳನ್ನು ಕತ್ತರಿಸಿ, ಎಂಟರಿಂದ ಹನ್ನೊಂದು ಅಮೈನೋ ಆಮ್ಲಗಳಷ್ಟು ಉದ್ದದ ತುಣುಕುಗಳನ್ನು ಬಿಎಫ್-2 ಪ್ರೋಟೀನಿನ ತೋಡಿನಲ್ಲಿ ಕೂರಿಸಿ ಹೊರಮೈಮೇಲೆ ಎತ್ತಿ ಹಿಡಿಯುತ್ತದೆ. ದಾರಿಯಲ್ಲಿ ಹೋಗುವ ಟಿ ಕೋಶಗಳು ಅದನ್ನು ತಡವಿ ನೋಡುತ್ತವೆ. ತುಣುಕು ಕೋಳಿಯದೇ ಆಗಿದ್ದರೆ ಮುಂದೆ ಸಾಗುತ್ತವೆ. ವೈರಾಣುವಿನದಾಗಿದ್ದರೆ ಆ ಕೋಶವನ್ನು ಕೊಲ್ಲುತ್ತವೆ. ವೈರಾಣುವಿನ ಯಾವ ತುಣುಕೂ ತೋಡಿಗೆ ಹೊಂದದಿದ್ದರೆ ಟಿ ಕೋಶ ಎಷ್ಟೇ ಸಮರ್ಥವಾಗಿದ್ದರೂ ಅದಕ್ಕೆ ಕಾಣುವುದೇನೂ ಇರುವುದಿಲ್ಲ. ಮನುಷ್ಯರಲ್ಲಿ ಇಂಥ ಪ್ರೋಟೀನನ್ನು ತಯಾರಿಸುವ ಹಲವು ಜೀನ್‌ಗಳು ಒಟ್ಟಿಗೆ ಕೆಲಸ ಮಾಡುವುದರಿಂದ ಒಂದು ಸೋತರೆ ಇನ್ನೊಂದು ಹಿಡಿಯುತ್ತದೆ. ಕೋಳಿಯಲ್ಲಿ ಹೆಚ್ಚುಕಡಿಮೆ ಎಲ್ಲ ಭಾರವೂ ಬಿಎಫ್-2 ಒಂದರ ಮೇಲೆಯೇ ಬೀಳುತ್ತದೆ. ಆದ್ದರಿಂದಲೇ ಒಂದು ಜೀನಿನ ರೂಪಭೇದ ಕೋಳಿಯ ಅಳಿವು ಉಳಿವನ್ನು ತೀರ್ಮಾನಿಸುವ ಮಟ್ಟಕ್ಕೆ ಹೋಗುತ್ತದೆ.

ಬಿ ಸಂಕೀರ್ಣದ ಕಟ್ಟುಗಳ ಬಗೆಗಳನ್ನು ಸಂಖ್ಯೆಯಿಂದ ಕರೆಯುತ್ತಾರೆ. ಬಿ-4 ಎಂಬ ಬಗೆಯ ಕಟ್ಟಿರುವ ಕೋಳಿಗಳಲ್ಲಿ ಬಿಎಫ್-2ರ ತೋಡು ಬಹಳ ಕಟ್ಟುನಿಟ್ಟು. ತುಣುಕಿನ ಎರಡನೆಯ, ಐದನೆಯ ಮತ್ತು ಎಂಟನೆಯ ಸ್ಥಾನಗಳಲ್ಲಿ ಆಮ್ಲಗುಣದ ಅಮೈನೋ ಆಮ್ಲಗಳೇ ಇರಬೇಕು; ಇಲ್ಲದಿದ್ದರೆ ಕೂರುವುದಿಲ್ಲ. ಬಿ-21 ಬಗೆಯಲ್ಲಿ ತೋಡು ಅಗಲವಾಗಿದೆ, ಒಳಗಿನ ಒಂದೆರಡು ಅಮೈನೋ ಆಮ್ಲಗಳು ಬಂದ ತುಣುಕಿಗೆ ತಕ್ಕಂತೆ ತಮ್ಮ ತೋಳನ್ನು ಹೊರಳಿಸಿಕೊಳ್ಳುತ್ತವೆ. ಹೀಗಾಗಿ ಒಂದಕ್ಕೊಂದು ಹೋಲಿಕೆಯೇ ಇಲ್ಲದ ತುಣುಕುಗಳೂ ಅಲ್ಲಿ ಕೂರಬಲ್ಲವು. ಮಾರೆಕ್ಸ್ ರೋಗವನ್ನು ತಡೆದುಕೊಳ್ಳುವುದರಲ್ಲಿ ಬಿ-21 ಕೋಳಿಗಳು ಮುಂದಿರುವುದು 1960 ಮತ್ತು 70ರ ದಶಕಗಳಿಂದಲೇ ಗೊತ್ತಿದೆ. ಬಿ-19 ಬಗೆಯವು ಬೇಗ ಬಲಿಯಾಗುತ್ತವೆ. ಇನ್ನೂ ಒಂದು ವಿಷಯ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ: ತಡೆದುಕೊಳ್ಳುವ ಬಿ-21 ಕೋಳಿಗಳ ಕೋಶದ ಮೇಲೆ ಈ ಪ್ರೋಟೀನಿನ ಪ್ರಮಾಣ ಕಡಿಮೆ, ಬಲಿಯಾಗುವ ಬಿ-19ರಲ್ಲಿ ಹೆಚ್ಚು. ಅಂದರೆ ತೋರಿಸುವ ಪ್ರೋಟೀನು ಎಷ್ಟಿದೆ ಎಂಬುದಕ್ಕಿಂತ ಎಷ್ಟು ಬಗೆಯ ತುಣುಕುಗಳನ್ನು ತೋರಿಸಬಲ್ಲದು ಎಂಬುದಕ್ಕೆ ಇಲ್ಲಿ ತೂಕ ಹೆಚ್ಚು.

ಉತ್ತರ 3
ನಿವೃತ್ತ ಪ್ರಾಧ್ಯಾಪಕ, ಧಾರವಾಡ

ಮೇಡಂ ಅವರು ಟಿ ಕೋಶದ ಕಡೆಯನ್ನು ಚೆನ್ನಾಗಿ ಹೇಳಿದ್ದಾರೆ. ಪ್ರತಿಕಾಯ ತಯಾರಿಸುವ ಬಿ ಕೋಶಗಳ ಬಗ್ಗೆ ನಾನು ನಾಲ್ಕು ಮಾತು ಸೇರಿಸುತ್ತೇನೆ. ಆ ಹೆಸರಿನ ಮೊದಲ ಅಕ್ಷರವೇ ಕೋಳಿಯ ಕೊಡುಗೆ. ಇದನ್ನು ಜೀವಶಾಸ್ತ್ರದ ತರಗತಿಗಳಲ್ಲಿ ಇನ್ನಷ್ಟು ಹೇಳಬೇಕೆಂಬುದು ನನ್ನ ಬಹುದಿನದ ಆಸೆ.

ಎಳೆಯ ಕೋಳಿಯನ್ನು ಕೊಯ್ದು, ಗುದದ್ವಾರದ ಮೇಲ್ಬದಿಯಲ್ಲಿ ಬೆರಳಾಡಿಸಿದರೆ ನೇರಳೆಹಣ್ಣಿನ ಆಕಾರದ ಒಂದು ಮೆತ್ತನೆಯ ಚೀಲ ಸಿಗುತ್ತದೆ. ಬಿಡಿಸಿ ನೋಡಿದರೆ ಒಳಗೆ ಮಡಿಕೆ ಮಡಿಕೆಯಾಗಿರುತ್ತದೆ. ಇಟಲಿಯ ಪಾಡುವಾದಲ್ಲಿದ್ದ ಫ್ಯಾಬ್ರಿಷಿಯಸ್ ಅದನ್ನು ನಾಲ್ಕು ಶತಮಾನಗಳ ಹಿಂದೆಯೇ ವರ್ಣಿಸಿದ್ದರೂ ಅದರ ಕೆಲಸವೇನೆಂದು ಯಾರಿಗೂ ತಿಳಿದಿರಲಿಲ್ಲ. ಅಮೆರಿಕದ ಓಹಾಯೋದಲ್ಲಿ ಬ್ರೂಸ್ ಗ್ಲಿಕ್ ಎಂಬ ಯುವ ಸಂಶೋಧಕ ಈ ಬರ್ಸಾವನ್ನು ತೆಗೆದುಹಾಕಿ ಬೆಳೆಸಿದ್ದ ಕೆಲವು ಕೋಳಿಗಳು ಉಳಿದಿದ್ದವು. ಅವರ ಸಹಪಾಠಿ ಚಾಂಗ್ ತಮ್ಮ ವಿದ್ಯಾರ್ಥಿಗಳಿಗೆ ಪ್ರತಿಕಾಯ ಉತ್ಪತ್ತಿಯನ್ನು ತೋರಿಸಲು ಆ ಕೋಳಿಗಳನ್ನು ಪಡೆದು ಸಾಲ್ಮೊನೆಲ್ಲಾ ಚುಚ್ಚಿದರು. ಪ್ರಯೋಗ ಕೈಕೊಟ್ಟಿತು, ಪ್ರತಿಕಾಯಗಳು ಬರಲೇ ಇಲ್ಲ. ಇಬ್ಬರೂ ಅದನ್ನು ಅಲ್ಲಿಗೇ ಬಿಡದೆ ಮತ್ತೆ ಮತ್ತೆ ಮಾಡಿ ನೋಡಿದರು. 1956ರಲ್ಲಿ ಕೋಳಿ ವಿಜ್ಞಾನದ ಪತ್ರಿಕೆಯೊಂದರಲ್ಲಿ ಅದು ಪ್ರಕಟವಾಯಿತು. 1965ರಲ್ಲಿ ಮ್ಯಾಕ್ಸ್ ಕೂಪರ್ ಮತ್ತು ಸಂಗಡಿಗರು ಬರ್ಸಾದಿಂದ ಬರುವ ಕೋಶಗಳು ಬೇರೆ, ಥೈಮಸ್ಸಿನಿಂದ ಬರುವ ಕೋಶಗಳು ಬೇರೆ ಎಂದು ತೋರಿಸಿದರು. ಬರ್ಸಾದ ಬಿ, ಥೈಮಸ್ಸಿನ ಟಿ ಎಂಬ ಹೆಸರುಗಳು ಮನುಷ್ಯರ ರಕ್ತಪರೀಕ್ಷೆಯವರೆಗೂ ನಿಂತುಬಿಟ್ಟವು.

ಈಗ ಜೀನಿನ ವಿಷಯಕ್ಕೆ ಬರುತ್ತೇನೆ. ಲಕ್ಷಾಂತರ ಬಗೆಯ ರೋಗಾಣುಗಳಿಗೆ ಲಕ್ಷಾಂತರ ಬಗೆಯ ಪ್ರತಿಕಾಯಗಳು ಬೇಕು. ಮನುಷ್ಯ ಮತ್ತು ಇಲಿ ಹತ್ತಾರು ಜೀನ್ ತುಂಡುಗಳನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸಿ ಆ ವೈವಿಧ್ಯವನ್ನು ಪಡೆಯುತ್ತವೆ. ಕೋಳಿಯ ಪ್ರತಿಕಾಯದ ಎರಡು ಬಗೆಯ ಸರಪಳಿಗಳಲ್ಲಿ ಚಿಕ್ಕದಾದ ಹಗುರ ಸರಪಳಿಗೆ ಕೆಲಸ ಮಾಡುವ ಅಂಥ ತುಂಡು ಇರುವುದು ಒಂದೇ ಒಂದು! 1980ರ ದಶಕದಲ್ಲಿ ಪ್ಯಾರಿಸ್ಸಿನ ರೇನೋ ಮತ್ತು ವೇಯ್ ಈ ಒಗಟನ್ನು ಬಿಡಿಸಿದರು. ಆ ಒಂದು ಜೀನಿನ ಹಿಂದೆ ಸಾಲಾಗಿ 25 ಮೂಕ ಜೀನ್‌ಗಳಿವೆ. ಅವು ತಾವಾಗಿ ಯಾವ ಪ್ರೋಟೀನನ್ನೂ ತಯಾರಿಸಲಾರವು. ಮೊಟ್ಟೆಯೊಳಗಿನ ಭ್ರೂಣದ ಬರ್ಸಾಕ್ಕೆ ಬಂದು ನೆಲೆಸಿದ ಕೋಶಗಳು ಬೇಗ ಬೇಗ ವಿಭಜನೆಯಾಗುತ್ತ, ಮೂಕ ಜೀನ್‌ಗಳಿಂದ ಚಿಕ್ಕ ಚಿಕ್ಕ ಅಕ್ಷರಸಾಲುಗಳನ್ನು ನಕಲು ಮಾಡಿ ಕೆಲಸ ಮಾಡುವ ಜೀನಿನ ಮೇಲೆ ತೇಪೆ ಹಾಕುತ್ತ ಹೋಗುತ್ತವೆ. ಪ್ರತಿ ಕೋಶದಲ್ಲೂ ತೇಪೆಯ ಜಾಗ ಬೇರೆ, ಅಳತೆ ಬೇರೆ, ಮೂಲ ಬೇರೆ. ತೇಪೆ ಹಾಕಲು ಡಿಎನ್‌ಎಯಲ್ಲಿ ಮೊದಲ ಗಾಯ ಮಾಡುವ ಕಿಣ್ವದ ಹೆಸರು ಎಐಡಿ. ಅದರ ಜೀನನ್ನು ಕೋಳಿಯ ಬಿ ಕೋಶಗಳಿಂದ ತೆಗೆದರೆ ಈ ಕೆಲಸ ನಿಂತೇ ಹೋಗುತ್ತದೆ ಎಂಬುದು 2002ರಲ್ಲಿ ಖಚಿತವಾಯಿತು.

ಹಾಗಾಗಿ ಮೇಷ್ಟ್ರು ಪಾಠ ಹೇಳುವ ‘ಎಲ್ಲ ಕೋಶಗಳಲ್ಲೂ ಅದೇ ಜೀನ್’ ಎಂಬ ಮಾತಿಗೆ ಇಲ್ಲೊಂದು ದೊಡ್ಡ ಅಪವಾದವಿದೆ. ಬರ್ಸಾದಿಂದ ಹೊರಬಿದ್ದ ಪ್ರತಿಯೊಂದು ಬಿ ಕೋಶವೂ ತನ್ನ ಪ್ರತಿಕಾಯದ ಜೀನನ್ನು ತಾನೇ ತಿದ್ದಿಕೊಂಡಿರುತ್ತದೆ. ಈ ತಿದ್ದುಪಡಿ ಮರಿಯ ಮೊದಲ ವಾರಗಳಲ್ಲಿ ಭರದಿಂದ ಸಾಗಿ, ಕೋಳಿ ಪ್ರಾಯಕ್ಕೆ ಬರುವಾಗ ಬರ್ಸಾ ಕುಗ್ಗುವುದರೊಂದಿಗೆ ಅಲ್ಲಿ ಮುಗಿಯುತ್ತದೆ. ಎಳೆಯ ವಯಸ್ಸಿನಲ್ಲೇ ಗಂಬೋರೋ ರೋಗ ತಗಲಿದ ಮರಿಗಳು ಬದುಕಿ ಉಳಿದರೂ ಮುಂದೆ ಲಸಿಕೆಗಳಿಗೆ ಸರಿಯಾಗಿ ಓಗೊಡದಿರುವುದು ಇದೇ ಕಾರಣಕ್ಕೆ: ಆ ವೈರಾಣು ಬರ್ಸಾದ ಬಿ ಕೋಶಗಳನ್ನೇ ಹುಡುಕಿ ನಾಶ ಮಾಡುತ್ತದೆ.

ಮರುಪ್ರಶ್ನೆ
ಹಿತ್ತಲಕೋಳಿ, ತಿಪಟೂರು

ಮೂವರಿಗೂ ಕೃತಜ್ಞತೆಗಳು. ಸತ್ತ ಕೋಳಿಯ ಬರ್ಸಾವನ್ನು ನೋಡದೆ ಹೂತುಬಿಟ್ಟೆನಲ್ಲ ಎಂದು ಈಗ ಅನ್ನಿಸುತ್ತಿದೆ. ಎರಡು ಅನುಮಾನಗಳು ಉಳಿದಿವೆ. ಬದುಕಿ ಉಳಿದ ಏಳು ಹೇಂಟೆಗಳಿಂದಲೇ ಮರಿ ಮಾಡಿಸುತ್ತ ಹೋದರೆ ಕೆಲವು ತಲೆಮಾರುಗಳಲ್ಲಿ ರೋಗ ತಡೆಯುವ ತಳಿ ನನ್ನದಾಗುತ್ತದೆಯೇ? ನಾಟಿ ಕೋಳಿಗೆ ರೋಗ ಬರುವುದಿಲ್ಲ ಎಂಬ ನಮ್ಮೂರಿನ ಮಾತಿಗೆ ಜೀನ್‌ಗಳ ಆಧಾರವಿದೆಯೇ?

ಉತ್ತರ 4
ಸಂಶೋಧನಾ ವಿದ್ಯಾರ್ಥಿನಿ, ಬೆಂಗಳೂರು

ಸರ್, ಮೊದಲ ಅನುಮಾನಕ್ಕೆ ಹೌದು ಎಂದು ಹೇಳಲು ನನಗೂ ಆಸೆಯಿದೆ, ಆದರೆ ಹೇಳಲಾರೆ. ಬಿ-21 ಇದ್ದರೆ ಎಲ್ಲವೂ ಸರಿ ಎಂಬ ಅಭಿಪ್ರಾಯ ನನ್ನ ಹಿಂದಿನ ಉತ್ತರದಿಂದ ಮೂಡಿದ್ದರೆ ಅದನ್ನು ತಿದ್ದಬೇಕು.

ಅಮೆರಿಕದ ಈಸ್ಟ್ ಲ್ಯಾನ್ಸಿಂಗ್‌ನ ಸರ್ಕಾರಿ ಪ್ರಯೋಗಾಲಯದಲ್ಲಿ ಲೈನ್-6 ಮತ್ತು ಲೈನ್-7 ಎಂಬ ಎರಡು ಒಳತಳಿಗಳನ್ನು (ಹತ್ತಿರದ ಸಂಬಂಧಿಗಳನ್ನೇ ಕೂಡಿಸಿ ಬೆಳೆಸಿದ ತಳಿಗಳನ್ನು) ಬಹುಕಾಲದಿಂದ ಕಾಪಾಡಿಕೊಂಡು ಬಂದಿದ್ದಾರೆ. ಎರಡರಲ್ಲೂ ಇರುವುದು ಒಂದೇ ಬಿ-2 ಕಟ್ಟು. ಆದರೂ ಮಾರೆಕ್ಸ್ ವೈರಾಣುವಿಗೆ ಲೈನ್-6 ಜಗ್ಗುವುದಿಲ್ಲ, ಲೈನ್-7 ಉರುಳಿಹೋಗುತ್ತದೆ. ಅಂದರೆ ಬಿ ಸಂಕೀರ್ಣದ ಹೊರಗೆ, ಬೇರೆ ವರ್ಣತಂತುಗಳ ಮೇಲೆ ಇರುವ ಜೀನ್‌ಗಳೂ ಸೇರಿ ಈ ವ್ಯತ್ಯಾಸವನ್ನು ಮಾಡುತ್ತಿವೆ. ಇನ್ನೊಂದು ಕಡೆ, ರೌಸ್ ಸಾರ್ಕೋಮಾ ಎಂಬ ಬೇರೊಂದು ವೈರಾಣುವಿನ ಗಡ್ಡೆಯನ್ನು ನೋಡಿ. ಬಿ-2 ಕೋಳಿಗಳಲ್ಲಿ ಅದು ಕರಗಿಹೋಗುತ್ತದೆ, ಬಿ-5ರಲ್ಲಿ ಬೆಳೆಯುತ್ತದೆ. ಒಂದು ರೋಗದ ಲೆಕ್ಕದಲ್ಲಿ ಮೇಲಾದ ಕಟ್ಟು ಇನ್ನೊಂದರ ಲೆಕ್ಕದಲ್ಲೂ ಮೇಲಾಗಿರಬೇಕಿಲ್ಲ. ನಿಮ್ಮ ಏಳು ಹೇಂಟೆಗಳಲ್ಲಿ ಎಲ್ಲವೂ ಒಂದೇ ಕಾರಣಕ್ಕೆ ಉಳಿದಿವೆ ಎನ್ನಲೂ ಆಗದು. ಒಂದಕ್ಕೆ ತಾಯಿಯ ಪ್ರತಿಕಾಯ ಮೊಟ್ಟೆಯ ಹಳದಿಯ ಮೂಲಕ ಹೆಚ್ಚು ಸಿಕ್ಕಿರಬಹುದು, ಇನ್ನೊಂದಕ್ಕೆ ಸೋಂಕು ತಡವಾಗಿ ತಗಲಿರಬಹುದು. ಏಳರಿಂದ ಮಾತ್ರ ತಳಿ ನಡೆಸಿದರೆ ರಕ್ತಸಂಬಂಧದ ಒಳಕೂಡಿಕೆ ಹೆಚ್ಚಿ, ಬಿ ಕಟ್ಟುಗಳ ವೈವಿಧ್ಯವೇ ಕಳೆದುಹೋಗುವ ಅಪಾಯವೂ ಇದೆ.

ವೈರಾಣು ಸುಮ್ಮನೆ ಕೂತಿರುವುದಿಲ್ಲ ಎಂಬುದನ್ನೂ ಹೇಳಬೇಕು. ಕೋಶದಲ್ಲಿ ಪ್ರೋಟೀನು ತಯಾರಿಸದೆ ಇತರ ಜೀನ್‌ಗಳ ಸಂದೇಶಗಳನ್ನು ತಡೆಯುವ ಪುಟಾಣಿ ಆರ್‌ಎನ್‌ಎಗಳಿವೆ, ಅವಕ್ಕೆ ಮೈಕ್ರೋ ಆರ್‌ಎನ್‌ಎ ಎನ್ನುತ್ತಾರೆ. ಅವುಗಳಲ್ಲಿ 155 ಸಂಖ್ಯೆಯದು ಬಿಳಿ ರಕ್ತಕಣಗಳ ಬೆಳವಣಿಗೆ ಮತ್ತು ಎಚ್ಚರಗಳ ಮೇಲೆ ದೊಡ್ಡ ಹಿಡಿತ ಹೊಂದಿದೆ; ಅದರ ನೆಲೆ ಮೊದಲು ಕಂಡದ್ದೂ ಕೋಳಿಯ ಬರ್ಸಾದ ಗಡ್ಡೆಗಳಲ್ಲಿಯೇ. ಮಾರೆಕ್ಸ್ ವೈರಾಣು ಇದರ ನಕಲೊಂದನ್ನು ತನ್ನ ಜೀನ್‌ಸಾಲಿನಲ್ಲೇ ಇಟ್ಟುಕೊಂಡಿದೆ. ಟಿ ಕೋಶದೊಳಗೆ ಅಡಗಿ, ಕೋಶದ ಸ್ವಂತ ಆಜ್ಞೆಯಂತೆ ಕಾಣುವ ಆಜ್ಞೆಯನ್ನು ಹೊರಡಿಸುತ್ತದೆ. ಪ್ರಯೋಗದಲ್ಲಿ ಆ ನಕಲನ್ನು ಕೆಡಿಸಿದಾಗ ವೈರಾಣುವಿನ ಗಡ್ಡೆ ಕಟ್ಟುವ ಶಕ್ತಿ ಕುಂದಿತು. ನಾನು ಓದಿದ ವಿಷಯಗಳಲ್ಲೆಲ್ಲ ಇದರಷ್ಟು ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ ಇಲ್ಲ.

ಎರಡನೆಯ ಅನುಮಾನಕ್ಕೆ ಬಂದರೆ, ನಾಟಿ ಕೋಳಿಗಳಲ್ಲಿ ಬಿ ಕಟ್ಟುಗಳ ವೈವಿಧ್ಯ ಹೆಚ್ಚಿರುವುದು ಸಹಜ, ಅದರಿಂದ ಒಂದೇ ರೋಗಕ್ಕೆ ಗೂಡು ಗೂಡೇ ಸಾಯುವ ಸಂಭವ ಕೆಲವೊಮ್ಮೆ ಕಡಿಮೆಯಾಗಬಹುದು. ಆದರೆ ಕೊಕ್ಕರೆ ರೋಗ ಬಂದಾಗ ಊರಿನ ನಾಟಿ ಕೋಳಿಗಳೆಲ್ಲ ಎರಡು ದಿನದಲ್ಲಿ ಖಾಲಿಯಾಗುವುದನ್ನು ನಾವೆಲ್ಲ ನೋಡಿದ್ದೇವೆ. ಯಾವ ತಳಿಯೇ ಆಗಲಿ, ಕೋಳಿ ಎಂಬ ಜಾತಿಗೇ ಇರುವ ಕೊರತೆಗಳಿವೆ. ಹಕ್ಕಿಜ್ವರವನ್ನು ತೆಗೆದುಕೊಳ್ಳಿ. ಬಾತುಕೋಳಿಯ ಕೋಶಗಳಲ್ಲಿ ರಿಗ್-1 ಎಂಬ ಗ್ರಾಹಕವಿದೆ, ಅದು ಫ್ಲೂ ವೈರಾಣುವಿನ ಆರ್‌ಎನ್‌ಎಯನ್ನು ಬೇಗ ಗುರುತಿಸಿ ಇಂಟರ್‌ಫೆರಾನನ್ನು ಎಬ್ಬಿಸುತ್ತದೆ. ಕೋಳಿಯಲ್ಲಿ ಆ ಜೀನ್ ಇಲ್ಲವೆಂದು 2010ರಲ್ಲಿ ಕೆನಡಾದ ಸಂಶೋಧಕರು ತೋರಿಸಿದರು. ಬಾತಿನ ಜೀನನ್ನು ಕೋಳಿಯ ಕೋಶಗಳಿಗೆ ಹಾಕಿದಾಗ ವೈರಾಣುವಿನ ಬೆಳವಣಿಗೆ ತಗ್ಗಿತು. ಕೋಳಿ ಅದೇ ಬಳಗದ ಎಂಡಿಎ-5 ಎಂಬ ಇನ್ನೊಂದು ಗ್ರಾಹಕವನ್ನೇ ನೆಚ್ಚಿಕೊಂಡಿದೆ. ಇಲ್ಲದ ಜೀನನ್ನು ಆಯ್ಕೆಯ ತಳಿಸಾಕಣೆಯಿಂದ ತರಲು ಬರುವುದಿಲ್ಲ.

ಇರುವ ಜೀನನ್ನು ತಿದ್ದುವ ಪ್ರಯತ್ನವೂ ನಡೆದಿದೆ. ಬ್ರಿಟನ್ನಿನ ವಿಜ್ಞಾನಿಗಳು ಎಎನ್‌ಪಿ-32ಎ ಎಂಬ ಜೀನನ್ನು ತಿದ್ದಿದ ಕೋಳಿಗಳ ವಿವರವನ್ನು 2023ರಲ್ಲಿ ಪ್ರಕಟಿಸಿದರು. ಇದು ರೋಗನಿರೋಧಕ ಜೀನ್ ಅಲ್ಲ. ಫ್ಲೂ ವೈರಾಣು ತನ್ನ ಪ್ರತಿ ಮಾಡಿಕೊಳ್ಳಲು ಎರವಲು ಪಡೆಯುವ ಕೋಳಿಯ ಪ್ರೋಟೀನು. ಸಾಧಾರಣ ಪ್ರಮಾಣದ ವೈರಾಣುವಿಗೆ ಒಡ್ಡಿದ ಹತ್ತು ಕೋಳಿಗಳಲ್ಲಿ ಒಂಬತ್ತಕ್ಕೆ ಸೋಂಕು ತಗಲಲಿಲ್ಲ. ಸಾವಿರ ಪಟ್ಟು ಹೆಚ್ಚಿಸಿದಾಗ ಹತ್ತರಲ್ಲಿ ಐದಕ್ಕೆ ತಗಲಿತು. ಆ ಕೋಳಿಗಳಿಂದ ಪಡೆದ ವೈರಾಣು ಆಗಲೇ ಬದಲಾಗಿ, ಅದೇ ಕುಟುಂಬದ ಬೇರೆ ಪ್ರೋಟೀನುಗಳನ್ನು ಬಳಸಲು ಕಲಿತಿತ್ತು. ಒಂದು ಜೀನಿನ ಮೇಲೆ ಪೂರ್ಣ ಭರವಸೆ ಇಡಬಾರದು ಎನ್ನುವವರ ಪಕ್ಷವನ್ನು ನಾನು ಹಿಡಿಯುವುದು ಇಂಥ ಫಲಿತಾಂಶಗಳಿಂದ.

ಉತ್ತರ 5
ಪಶುವೈದ್ಯ, ಹಾಸನ

ಮೇಡಂ ಹೇಳಿದ್ದಕ್ಕೆ ಶೆಡ್ಡಿನ ಕಡೆಯ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಬದುಕಿ ಉಳಿದ ಆ ಏಳು ಹೇಂಟೆಗಳ ಮೈಯಲ್ಲಿ ವೈರಾಣು ಇಂದಿಗೂ ಇರುವ ಸಂಭವ ಬಹಳ. ನೋಡಲು ಗಟ್ಟಿಮುಟ್ಟಾಗಿ ಮೊಟ್ಟೆ ಇಡುತ್ತ, ಗರಿಬುಡದ ಹೊಟ್ಟಿನಲ್ಲಿ ಬದುಕಿರುವಷ್ಟು ಕಾಲವೂ ಅದನ್ನು ಉದುರಿಸುತ್ತಿರುತ್ತವೆ. ಮೊಟ್ಟೆಯ ಒಳಗಿನಿಂದ ಮರಿಗೆ ಈ ರೋಗ ದಾಟುವುದಿಲ್ಲ. ತಾಯಿಯ ರೆಕ್ಕೆಯ ಕೆಳಗೆ ಕೂತಾಗ ಉಸಿರಿನಿಂದ ದಾಟುತ್ತದೆ. ಆದ್ದರಿಂದ ಅವುಗಳ ಮೊಟ್ಟೆಗಳಿಂದ ಮರಿ ಮಾಡಿಸಲು ಅಡ್ಡಿಯಿಲ್ಲ, ಆದರೆ ಇನ್‌ಕ್ಯುಬೇಟರಿನಲ್ಲಿ ಮಾಡಿಸಿ, ಒಡೆದ ದಿನವೇ ಕತ್ತಿನ ಚರ್ಮದಡಿ ಲಸಿಕೆ ಹಾಕಿಸಿ, ದೊಡ್ಡ ಕೋಳಿಗಳ ಗಾಳಿ ಬಾರದ ಬೇರೆ ಕೋಣೆಯಲ್ಲಿ ಬೆಳೆಸಿ. ಲಸಿಕೆಗೆ ಓಗೊಡಲು ಮರಿಯ ಕೋಶಗಳಿಗೆ ಕನಿಷ್ಠ ಒಂದು ವಾರ ಬೇಕು. ಆ ಒಂದು ವಾರದೊಳಗೆ ಹಳೆಯ ಶೆಡ್ಡಿನ ಧೂಳು ಮೂಗಿಗೆ ಹೋದರೆ ಲಸಿಕೆ ಹಾಕಿಸಿಯೂ ಕೋಳಿ ಕಳೆದುಕೊಳ್ಳುತ್ತೀರಿ.

ಲಸಿಕೆಯ ಮಿತಿಯೂ ತಿಳಿದಿರಲಿ. ಟರ್ಕಿ ಕೋಳಿಯ ನಿರುಪದ್ರವಿ ಹರ್ಪಿಸ್ ವೈರಾಣುವಿನಿಂದ ಮಾಡಿದ ಈ ಲಸಿಕೆ 1970ರ ದಶಕದ ಆರಂಭದಿಂದ ಬಳಕೆಯಲ್ಲಿದೆ. ಅದು ಗಡ್ಡೆಯನ್ನೂ ಲಕ್ವವನ್ನೂ ತಡೆಯುತ್ತದೆ; ಸೋಂಕನ್ನಾಗಲಿ ವೈರಾಣು ಉದುರುವುದನ್ನಾಗಲಿ ಪೂರ್ತಿ ತಡೆಯುವುದಿಲ್ಲ. ಲಸಿಕೆ ಪಡೆದ ಕೋಳಿಗಳು ಬದುಕಿ ಉಳಿಯುವುದರಿಂದ ಅತಿ ಉಗ್ರ ವೈರಾಣುಗಳೂ ಅವುಗಳ ಮೂಲಕ ಹರಡಲು ಅವಕಾಶ ಸಿಗುತ್ತದೆ ಎಂದು 2015ರಲ್ಲಿ ಆಂಡ್ರ್ಯೂ ರೀಡ್ ಮತ್ತು ಸಂಗಡಿಗರು ಪ್ರಯೋಗದಿಂದ ತೋರಿಸಿದ್ದಾರೆ. ಇದನ್ನು ಓದಿ ಲಸಿಕೆಯನ್ನೇ ಬಿಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಲಸಿಕೆ ಹಾಕದ ಕೋಳಿಗೆ ಆ ಉಗ್ರ ವೈರಾಣು ತಗಲಿದರೆ ಉಳಿಯುವುದೇ ಇಲ್ಲ.

ಮರುಪ್ರತಿಕ್ರಿಯೆ
ಹಿತ್ತಲಕೋಳಿ, ತಿಪಟೂರು

ಡಾಕ್ಟರ್ ಅವರೇ, ಮೇಡಂ, ಪ್ರಾಧ್ಯಾಪಕರೇ, ಬಹಳ ಉಪಕಾರವಾಯಿತು. ಹಳೆಯ ಶೆಡ್ಡಿನ ಜಂತಿ, ಜಾಲರಿಗಳನ್ನು ನಿನ್ನೆ ತೊಳೆಸಿ ಸುಣ್ಣ ಹೊಡೆಸಿದ್ದೇನೆ. ಮರಿಗಳಿಗೆ ಮನೆಯ ಇನ್ನೊಂದು ಮಗ್ಗುಲಿನ ಕೊಬ್ಬರಿ ಕೋಣೆಯನ್ನು ತೆರವು ಮಾಡುತ್ತಿದ್ದೇನೆ. ಏಳು ಹೇಂಟೆಗಳ ಕಾಲಿಗೂ ಸಂಖ್ಯೆಯ ಉಂಗುರ ಹಾಕಿ, ಯಾವ ಮೊಟ್ಟೆ ಯಾವ ಹೇಂಟೆಯದು ಎಂದು ಪೆನ್ಸಿಲಿನಲ್ಲಿ ಬರೆದಿಡಲು ಶುರು ಮಾಡಿದ್ದೇನೆ. ಹುಂಜವನ್ನು ಮಾತ್ರ ಒಳಕೂಡಿಕೆ ತಪ್ಪಿಸಲು ಬೇರೆ ಊರಿನಿಂದ ತರುತ್ತೇನೆ. ಮೊದಲ ಇಪ್ಪತ್ತೆರಡು ಮೊಟ್ಟೆಗಳು ಇಂದು ಬೆಳಿಗ್ಗೆ ಇನ್‌ಕ್ಯುಬೇಟರಿಗೆ ಹೋಗಿವೆ; ಇಪ್ಪತ್ತೊಂದನೆಯ ದಿನಕ್ಕೆ ಲಸಿಕೆ ಸಿಗುವಂತೆ ಪಶು ಆಸ್ಪತ್ರೆಯಲ್ಲಿ ಹೇಳಿಟ್ಟು ಬಂದಿದ್ದೇನೆ.